ಶ್ರೀಜೇಶ್ ಕಂಡರು, ಡಿಫೆನ್ಸ್ ಕಾಣಲಿಲ್ಲ

2024ರ ಆಗಸ್ಟ್ 4ರಂದು ಪ್ಯಾರಿಸ್ ಒಲಿಂಪಿಕ್ಸ್ ಹಾಕಿ ಕ್ವಾರ್ಟರ್ ಫೈನಲ್‌ನಲ್ಲಿ ಭಾರತ ಗ್ರೇಟ್ ಬ್ರಿಟನ್ ತಂಡವನ್ನು ಸೋಲಿಸಿತು. 17ನೇ ನಿಮಿಷದಲ್ಲೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಆಮೇಲೆ 40ಕ್ಕೂ ಹೆಚ್ಚು ನಿಮಿಷ ನಮ್ಮವರು 10 ಮಂದಿ. ಆಟ 1-1, ಶೂಟೌಟ್‌ನಲ್ಲಿ 4-2. ಮರುದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ನಮ್ಮ ಕೇರಳದ ಶ್ರೀಜೇಶ್ ಗೋಡೆ, ನಮ್ಮ ಡಿಫೆನ್ಸ್ ಭದ್ರ. ಅಂಕಿಅಂಶ ಯಾಕೆ, ಕಣ್ಣಾರೆ ನೋಡಿದ್ದೇವಲ್ಲ?

ಈ ಮಾತಿಗೇ ನನ್ನ ತಕರಾರು. ಶ್ರೀಜೇಶ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಲ್‌ಕೀಪರ್ ಮತ್ತೆ ಮತ್ತೆ ಜಿಗಿಯಬೇಕಾಯಿತು ಎಂದರೆ ಚೆಂಡು ಮತ್ತೆ ಮತ್ತೆ ಅಲ್ಲಿವರೆಗೆ ಬಂತು ಎಂದೇ ಅರ್ಥ. ಹಾಕಿಯಲ್ಲಿ ಗೋಲಿನ ಮುಂದಿನ ಸರ್ಕಲ್ ಒಳಗಿನಿಂದ ಹೊಡೆದರೆ ಮಾತ್ರ ಗೋಲು. ಚೆಂಡು ಅಲ್ಲಿಗೆ ಬಾರದಂತೆ ನೋಡಿಕೊಳ್ಳುವುದೇ ಡಿಫೆನ್ಸ್‌ನ ಕೆಲಸ. ಬಾರದ ಚೆಂಡು ಕಣ್ಣಿಗೆ ಬೀಳುವುದು ಹೇಗೆ? ಎದುರಾಳಿ ಎಷ್ಟು ಸಲ ಸರ್ಕಲ್ ಹೊಕ್ಕರು, ಎಷ್ಟು ಪೆನಾಲ್ಟಿ ಕಾರ್ನರ್ ಗಿಟ್ಟಿಸಿದರು, ಎಷ್ಟು ಹೊಡೆತ ಗೋಲಿನತ್ತ ಬಂತು ಎಂದು ಬರೆದಿಟ್ಟರೆ ಮಾತ್ರ ತಿಳಿಯುತ್ತದೆ.

ಬರೀ ಗೋಲು ಎಣಿಸಿದರೂ ಸಾಲದು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜರ್ಮನಿಯಿಂದ 4 ಗೋಲು ತಿಂದೂ 5-4ರಲ್ಲಿ ಗೆದ್ದು, 41 ವರ್ಷಗಳ ನಂತರ ಪದಕ ತಂದೆವು. ಕೊನೆಯ ಕ್ಷಣದ ಪೆನಾಲ್ಟಿ ಕಾರ್ನರನ್ನು ಶ್ರೀಜೇಶ್ ತಡೆದದ್ದು ಎಲ್ಲರಿಗೂ ನೆನಪಿದೆ. ಆ ಕಾರ್ನರ್ ಕೊಟ್ಟದ್ದು ಯಾಕೆ ಎಂದು ಎಷ್ಟು ಮಂದಿ ಕೇಳಿದರು?

ಲೆಕ್ಕವೂ ತಪ್ಪು ಹೇಳಬಹುದು, ಒಪ್ಪುತ್ತೇನೆ. ಪ್ಯಾರಿಸ್‌ನಲ್ಲಿ 11 ಮಂದಿ ಆಡಿದ 17 ನಿಮಿಷವನ್ನೂ 10 ಮಂದಿ ಆಡಿದ ಉಳಿದ ಹೊತ್ತನ್ನೂ ಒಂದೇ ತಕ್ಕಡಿಗೆ ಹಾಕಿದರೆ ಅನ್ಯಾಯ. ಬೇರೆ ಬೇರೆಯಾಗಿ ಬರೆಯಬೇಕು. ಲೆಕ್ಕ ಸರಿಯಾಗಿ ಬರೆಯಿರಿ ಎನ್ನಲು ಇದು ಕಾರಣ, ಲೆಕ್ಕವೇ ಬೇಡ ಎನ್ನಲು ಅಲ್ಲ.

ಉಪ್ಪನ ಅಂಗಡಿಯಲ್ಲಿ ಇದನ್ನು ಮೊದಲೇ ಕಲಿತಿದ್ದೆ. ಪೆರ್ನಾಲಿನ ಹಿಂದಿನ ದಿನ ಕಾಲಿಡಲು ಜಾಗವಿಲ್ಲದಷ್ಟು ಜನ. ವ್ಯಾಪಾರ ಜೋರು ಎಂದು ಕಣ್ಣು ಹೇಳುತ್ತದೆ. ರಾತ್ರಿ ಪುಸ್ತಕ ತೆರೆದರೆ ಅರ್ಧಕ್ಕರ್ಧ ಉದ್ರಿ.

ನಮ್ಮ ಕಡೆ ಹಾಕಿ ಕಡಿಮೆ, ಫುಟ್ಬಾಲೇ ಹೆಚ್ಚು. ಅಲ್ಲೂ ಹುಡುಗರನ್ನು ಆರಿಸುವುದು ಕಣ್ಣಳತೆಯಲ್ಲೇ. ಜಾರಿ ಬಿದ್ದು ಚೆಂಡು ಕಿತ್ತವನಿಗೆ ಚಪ್ಪಾಳೆ. ಜಾರುವ ಪ್ರಮೇಯವೇ ಬಾರದಂತೆ ಸರಿಯಾದ ಜಾಗದಲ್ಲಿ ನಿಂತವನಿಗೆ ಬೆಂಚು. ಇನ್ನೊಂದು ಮಾತು: ಇವನು ಯಾರ ಮಗ ಎಂಬುದು ಕಣ್ಣಿಗೆ ಬೇಗ ಕಾಣುತ್ತದೆ, ಪುಸ್ತಕಕ್ಕೆ ಕಾಣುವುದಿಲ್ಲ.

ಒಂದು ನೋಟ್‌ಬುಕ್ಕು, ಒಂದು ಪೆನ್ನು ಸಾಕು. ಮೈದಾನದ ಬದಿಯಲ್ಲಿ ಕೂತು ಬರೆಯಲು ನಾನು ತಯಾರು. ಕಣ್ಣೇ ಸಾಕು ಎನ್ನುವವರು, ತಮ್ಮ ಮಗ ಬೆಂಚಿನಲ್ಲಿ ಕೂತ ದಿನವೂ ಅದೇ ಮಾತು ಹೇಳಲಿ.