ಮದುವೆಯ ಹಂದರ ಎಲ್ಲಿ ಹಾಕಬೇಕು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈಗ ಅದಕ್ಕೆ ಇನ್ನೊಂದು ಚಿಂತೆ ಸೇರಿಕೊಂಡಿದೆ. ಮದುವೆಯನ್ನು ಯಾವ ಊರಿನಲ್ಲಿ ಮಾಡಬೇಕು? ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಹೆಣ್ಣಿನ ಮನೆಯ ಅಂಗಳ, ಇಲ್ಲವೇ ಗಂಡಿನ ಮನೆಯ ಅಂಗಳ, ಅದೂ ಸಾಲದಾದರೆ ಮಠದ ಪ್ರಾಂಗಣ. ಇಂದು ಉಳ್ಳವರು ಉದಯಪುರದ ಅರಮನೆಯನ್ನೋ ಗೋವಾದ ಕಡಲತೀರವನ್ನೋ ಹುಡುಕುತ್ತಾರೆ, ಹೊರದೇಶಕ್ಕೂ ಹೋಗುತ್ತಾರೆ. 2023ರ ನವೆಂಬರಿನಲ್ಲಿ ಪ್ರಧಾನಮಂತ್ರಿಗಳೇ ‘ಮನ್ ಕೀ ಬಾತ್’ ಕಾರ್ಯಕ್ರಮದಲ್ಲಿ ಇಂಥ ಮದುವೆಗಳನ್ನು ನಮ್ಮ ನೆಲದಲ್ಲಿಯೇ ಮಾಡಿರೆಂದು ಕೇಳಿಕೊಳ್ಳಬೇಕಾಯಿತು.

ದೈವಭಕ್ತಿಯುಳ್ಳ ಕುಟುಂಬಗಳ ಬಾಯಲ್ಲಿ ಈಚೆಗೆ ಕೇಳಿಬರುವ ಹೆಸರು ತ್ರಿಯುಗಿನಾರಾಯಣ. ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿ, ಕೇದಾರಕ್ಕೆ ಹೋಗುವ ಹಾದಿಯ ಸೋನ್‌ಪ್ರಯಾಗದ ಸಮೀಪದ ಕ್ಷೇತ್ರವಿದು. ಶಿವಪಾರ್ವತಿಯರ ಕಲ್ಯಾಣ ಇಲ್ಲಿಯೇ ನಡೆಯಿತೆಂದು ಪ್ರತೀತಿ. ನಾರಾಯಣನು ಪಾರ್ವತಿಗೆ ಅಣ್ಣನಾಗಿ ನಿಂತನು, ಬ್ರಹ್ಮನು ಪೌರೋಹಿತ್ಯ ವಹಿಸಿದನು, ಅಂದು ಹೊತ್ತಿಸಿದ ಅಗ್ನಿ ಇಂದಿಗೂ ಆರಿಲ್ಲವೆಂಬ ನಂಬಿಕೆ ಅಲ್ಲಿಯದು. ಭಕ್ತರು ಆ ಧುನಿಗೆ ಕಟ್ಟಿಗೆ ಅರ್ಪಿಸಿ, ಅದರ ಬೂದಿಯನ್ನು ಪ್ರಸಾದವೆಂದು ತರುತ್ತಾರೆ.

ಅಂಥ ಸನ್ನಿಧಿಯಲ್ಲಿ ಮಕ್ಕಳ ಮದುವೆಯಾಗಲಿ ಎಂಬ ಆಸೆಯನ್ನು ನಾವು ತಪ್ಪೆನ್ನಲಾರೆವು. ಆದರೆ ಸ್ಥಳ ನಿಶ್ಚಯಿಸುವ ಮುನ್ನ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೆಲವು ಮಾತು ಆಡಬೇಕು. ಹೃಷೀಕೇಶದಿಂದ ಅಲ್ಲಿಗೆ 200 ಕಿಲೋಮೀಟರಿಗೂ ಮಿಕ್ಕ ಘಟ್ಟದ ರಸ್ತೆ. ಚಳಿಗಾಲದಲ್ಲಿ ಹಿಮ, ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ. 2013ರ ಜೂನ್ ತಿಂಗಳ ಪ್ರವಾಹದಲ್ಲಿ ಕೇದಾರ ಕಣಿವೆಯಲ್ಲಿ ಸಾವಿರಾರು ಜೀವಗಳು ಹೋದದ್ದನ್ನು ಯಾರೂ ಮರೆಯಬಾರದು. ಮಂಡಿನೋವಿನ ಅಜ್ಜಿ, ಉಬ್ಬಸದ ಅಜ್ಜ ಆ ಎತ್ತರ ಏರಬಲ್ಲರೇ?

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ದೂರದ ಮದುವೆಗೆ ಕರೆಯುವವರ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಮೊದಲು ಅಳಿಸಿಹೋಗುವ ಹೆಸರು ಯಾರದು? ರೈಲಿನ ಚಾರ್ಜು ಕೊಡಲಾಗದ ಬಡ ನೆಂಟನದು. ನಿಮ್ಮ ಹೊಲದಲ್ಲಿ ಮೂವತ್ತು ವರ್ಷ ದುಡಿದ ಆಳುಮಗನದು. ಮಗುವಿದ್ದಾಗ ವಧುವನ್ನು ಎತ್ತಿ ಆಡಿಸಿದ ಓಣಿಯ ತಾಯಂದಿರದು. ಅಕ್ಷತೆ ಹಾಕುವ ಹಕ್ಕು ಇವರಿಗೆ ಯಾರಿಗಿಂತಲೂ ಕಡಿಮೆಯದಲ್ಲ. ನಾಳೆ ದಂಪತಿಗಳಲ್ಲಿ ವಿರಸ ಹುಟ್ಟಿದರೆ ಬುದ್ಧಿ ಹೇಳಲು ಬರುವವರೂ ಇವರೇ.

ನಮ್ಮ ಪರಂಪರೆ ಇದಕ್ಕೆ ದಾರಿ ತೋರಿಸಿದೆ. ವೀರಶೈವ ವಿವಾಹದಲ್ಲಿ ಪಂಚಕಳಶ ಸ್ಥಾಪಿಸುತ್ತೇವೆ. ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ, ಕಾಶಿ ಈ ಐದು ಪೀಠಗಳ ಆಚಾರ್ಯರನ್ನು ಆ ಕಳಶಗಳಲ್ಲಿ ಆವಾಹನೆ ಮಾಡುತ್ತೇವೆ. ಅಂದರೆ ಹಿಮಾಲಯದ ಕೇದಾರವೇ ನಿಮ್ಮ ಹಂದರಕ್ಕೆ ದಯಮಾಡಿಸುತ್ತದೆ. ಒಂದು ಬಿಂದಿಗೆ ನೀರು, ನೂಲು, ವೀಳ್ಯದೆಲೆ, ಶ್ರದ್ಧೆ ಇದ್ದರೆ ನಿಮ್ಮ ಅಂಗಳವೇ ಕ್ಷೇತ್ರವಾಗುತ್ತದೆ. ಕ್ಷೇತ್ರದಲ್ಲಿಯೇ ಮದುವೆ ಆಗಬೇಕೆಂಬ ಬಡವರಿಗೆ ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ನಾಡಿನ ಅನೇಕ ಮಠಗಳೂ ಜಾತ್ರೆಯ ಸಂದರ್ಭದಲ್ಲಿ ಈ ಕಾರ್ಯ ಮಾಡುತ್ತಿವೆ. ಅಲ್ಲಿ ತಾಳಿ ಕಟ್ಟಿದವರ ದಾಂಪತ್ಯಕ್ಕೆ ಯಾವ ಕೊರತೆಯೂ ಬಂದಿಲ್ಲ.

ಆದ್ದರಿಂದ ತಂದೆತಾಯಿಗಳಲ್ಲಿ ನಮ್ಮ ಸೂಚನೆ ಇಷ್ಟೆ. ಮಾಂಗಲ್ಯಧಾರಣೆ ಊರಿನಲ್ಲಿ, ಗುರುಹಿರಿಯರ ಸಮ್ಮುಖದಲ್ಲಿ ಆಗಲಿ. ಆ ಮೇಲೆ ಒಳ್ಳೆಯ ಹವೆ ನೋಡಿಕೊಂಡು ನವದಂಪತಿಗಳು ತ್ರಿಯುಗಿನಾರಾಯಣಕ್ಕೂ ಕೇದಾರಕ್ಕೂ ಹೋಗಿಬರಲಿ. ಮಕ್ಕಳು ಅಲ್ಲಿಯೇ ಮದುವೆಯಾಗಬೇಕೆಂದು ಹಟ ಹಿಡಿದರೆ ಜಗಳ ಬೇಡ; ನಾಲ್ಕು ಜನ ಹೋಗಿ ಸರಳವಾಗಿ ಮುಗಿಸಿ, ಮರಳಿ ಬಂದು ಇಡೀ ಊರಿಗೆ ಪ್ರಸಾದ ಬಡಿಸಿರಿ. ಎರಡರಲ್ಲಿ ಯಾವುದನ್ನು ಮಾಡಿದರೂ ಹೊಲ ಒತ್ತೆಯಿಟ್ಟು ಮಾತ್ರ ಮಾಡಬೇಡಿರಿ. ಮೂರು ದಿನದ ಸಂಭ್ರಮದ ಸಾಲವನ್ನು ಮಗಳ ಮಕ್ಕಳು ತೀರಿಸುವಂತಾಗಬಾರದು.