ಮತಗಟ್ಟೆಯ ಲೆಕ್ಕ ಮತದಾರನ ಕೈಗೆ ಬರಲಿ

2024ರ ಮೇ 7ರಂದು ಕರ್ನಾಟಕದ ಹದಿನಾಲ್ಕು ಲೋಕಸಭಾ ಕ್ಷೇತ್ರಗಳಲ್ಲಿ ಮತದಾನ ನಡೆಯಿತು. ರಾಯಚೂರು ಅದರಲ್ಲೊಂದು. ಅದೇ ವಾರ ಚುನಾವಣಾ ಆಯೋಗದ ಆಹ್ವಾನದ ಮೇಲೆ 23 ದೇಶಗಳ 75 ಪ್ರತಿನಿಧಿಗಳು ನಮ್ಮ ಚುನಾವಣೆ ನೋಡಲು ಬಂದಿದ್ದರು. ಜಿಂಬಾಬ್ವೆ, ನಮೀಬಿಯಾ, ಟ್ಯುನೀಷಿಯಾ, ಮಡಗಾಸ್ಕರ್, ಸೇಶೆಲ್ಸ್‌ನವರೂ ಅವರಲ್ಲಿದ್ದರು. ತಂಡಗಳಾಗಿ ಆರು ರಾಜ್ಯಗಳಿಗೆ ಹೋದರು. ಕರ್ನಾಟಕಕ್ಕೂ ಒಂದು ತಂಡ ಬಂತು. ಆಯೋಗದ ಅಧಿಕಾರಿಗಳು ಕರೆದುಕೊಂಡು ಹೋದಲ್ಲಿಗೆ ಹೋಗಿ, ತೋರಿಸಿದ್ದನ್ನು ನೋಡಿ, ಕೆಲವೇ ದಿನಗಳಲ್ಲಿ ಹಿಂದಿರುಗಿದರು.

ಇದು ಆತಿಥ್ಯ, ಪರಿಶೀಲನೆಯಲ್ಲ. ಆತಿಥ್ಯವನ್ನು ನಾವು ದೂರುವುದಿಲ್ಲ. ಆದರೆ ಬಂದವರ ಮೆಚ್ಚುಗೆಯನ್ನು ನಮ್ಮ ಚುನಾವಣೆಯ ಶುದ್ಧತೆಗೆ ಸಿಕ್ಕ ಪ್ರಮಾಣಪತ್ರವೆಂದು ಮುಂದಿಡುವುದು ತಪ್ಪು. 2005ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ವೀಕ್ಷಣೆಯ ತತ್ವಗಳ ಪ್ರಕಾರ ವೀಕ್ಷಣೆ ಎಂದರೆ ಮತದಾನಕ್ಕೆ ಮುಂಚೆ, ಮತದಾನದ ದಿನ, ಎಣಿಕೆಯ ನಂತರ ಹೀಗೆ ಮೂರೂ ಹಂತಗಳ ಸ್ವತಂತ್ರ ಪರಿಶೀಲನೆ. ಅಂಥ ನಿಯೋಗವನ್ನು ಭಾರತ ತನ್ನ ಚುನಾವಣೆಗೆ ಕರೆಯುವುದಿಲ್ಲ. ಬೇರೆಯವರ ಚುನಾವಣೆಯನ್ನು ಮಾತ್ರ ನಾವು ಮೊದಲಿನಿಂದಲೂ ನೋಡುತ್ತ, ನಡೆಸಿಕೊಡುತ್ತ ಬಂದಿದ್ದೇವೆ. ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ 1953ರಲ್ಲಿ ಸುಡಾನ್ ಚುನಾವಣೆಯ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷರಾಗಿದ್ದರು. 1980ರಲ್ಲಿ ರೊಡೇಷಿಯಾ ಜಿಂಬಾಬ್ವೆಯಾಗುವ ಹೊತ್ತಿನ ಚುನಾವಣೆಗೆ ಹೋದ ಕಾಮನ್‌ವೆಲ್ತ್ ವೀಕ್ಷಕರ ತಂಡಕ್ಕೆ ನಮ್ಮ ರಾಜತಾಂತ್ರಿಕ ರಾಜೇಶ್ವರ ದಯಾಳ್ ಮುಖ್ಯಸ್ಥರು. ಇಷ್ಟು ಅನುಭವವಿರುವ ದೇಶಕ್ಕೆ ವೀಕ್ಷಣೆ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗೆಂದು ವಿದೇಶಿ ವೀಕ್ಷಕರು ಬಂದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾವು ಹೇಳುವುದಿಲ್ಲ. ಕೀನ್ಯಾದಲ್ಲಿ ನಡೆದದ್ದನ್ನು ನೋಡಿ. 2017ರ ಆಗಸ್ಟ್ 8ರಂದು ಅಲ್ಲಿ ಸಾರ್ವತ್ರಿಕ ಚುನಾವಣೆ. ಆಫ್ರಿಕನ್ ಒಕ್ಕೂಟ, ಐರೋಪ್ಯ ಒಕ್ಕೂಟ, ಕಾಮನ್‌ವೆಲ್ತ್, ಕಾರ್ಟರ್ ಸೆಂಟರ್ ಎಲ್ಲವೂ ನಿಯೋಗ ಕಳಿಸಿದ್ದವು. ದಕ್ಷಿಣ ಆಫ್ರಿಕಾದ ಮಾಜಿ ಅಧ್ಯಕ್ಷ ಥಾಬೊ ಎಂಬೆಕಿ, ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರ್‍ರಿಯಂಥ ಘಟಾನುಘಟಿಗಳೇ ಮುಂದೆ ನಿಂತಿದ್ದರು. ಮತದಾನವಾದ ಎರಡೇ ದಿನಕ್ಕೆ ಪ್ರಾಥಮಿಕ ಹೇಳಿಕೆಗಳು ಬಂದವು. ಮತದಾನ ಚೆನ್ನಾಗಿ ನಡೆದಿದೆ, ತಕರಾರಿದ್ದವರು ನ್ಯಾಯಾಲಯಕ್ಕೆ ಹೋಗಲಿ ಎಂಬುದು ಅವುಗಳ ಸಾರ. ಸೋತ ಅಭ್ಯರ್ಥಿ ರೈಲಾ ಒಡಿಂಗಾ ಹೋದರು. ಸೆಪ್ಟೆಂಬರ್ 1ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ನೇತೃತ್ವದ ಸುಪ್ರೀಂ ಕೋರ್ಟ್ ನಾಲ್ಕು–ಎರಡರ ಬಹುಮತದಿಂದ ಅಧ್ಯಕ್ಷೀಯ ಚುನಾವಣೆಯನ್ನೇ ರದ್ದು ಮಾಡಿತು.

ವೀಕ್ಷಕರು ಸುಳ್ಳು ಹೇಳಿರಲಿಲ್ಲ. ಮತಗಟ್ಟೆಯ ಸಾಲನ್ನು ನೋಡಿದರು, ಸಾಲು ಶಿಸ್ತಾಗಿತ್ತು. ಆದರೆ ದೋಷವಿದ್ದದ್ದು ಮತಗಟ್ಟೆಯಿಂದ ಕೇಂದ್ರಕ್ಕೆ ಅಂಕಿ ಹೋದ ದಾರಿಯಲ್ಲಿ. ಪ್ರತಿ ಮತಗಟ್ಟೆಯ ಫಲಿತಾಂಶ ಬರೆದ ನಮೂನೆ 34ಎ ಎಷ್ಟೋ ಕಡೆಯಿಂದ ಬರುವ ಮುನ್ನವೇ ಒಟ್ಟು ಫಲಿತಾಂಶ ಘೋಷಣೆಯಾಗಿತ್ತು. ಸರ್ವರ್ ತೋರಿಸಿ ಎಂದು ಕೋರ್ಟ್ ಆದೇಶಿಸಿದರೂ ಅಲ್ಲಿನ ಆಯೋಗ ಪೂರ್ತಿ ತೋರಿಸಲಿಲ್ಲ. ಹಾಗಾಗಿ ಕೋರ್ಟ್ ಆಯೋಗದ ಮಾತನ್ನು ನಂಬಲಿಲ್ಲ.

ಆ ದೇಶ ಪಾಠ ಕಲಿಯಿತು. 2022ರ ಚುನಾವಣೆಯಲ್ಲಿ 46 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳ 34ಎ ನಮೂನೆಗಳ ಚಿತ್ರಗಳನ್ನು ಆಯೋಗ ಅಂತರ್ಜಾಲದಲ್ಲಿ ಎಲ್ಲರ ಮುಂದಿಟ್ಟಿತು. ಪತ್ರಿಕೆಗಳು, ಪಕ್ಷಗಳು, ವಿದ್ಯಾರ್ಥಿಗಳು ಯಾರು ಬೇಕಾದರೂ ಕೂಡಿ ನೋಡಬಹುದಿತ್ತು. ಅಂತರ ಬಹಳ ಕಡಿಮೆಯಿತ್ತು, ಒಡಿಂಗಾ ಮತ್ತೆ ದಾವೆ ಹೂಡಿದರು. ಈ ಸಲ ಸುಪ್ರೀಂ ಕೋರ್ಟ್ ಫಲಿತಾಂಶವನ್ನು ಒಮ್ಮತದಿಂದ ಎತ್ತಿಹಿಡಿಯಿತು.

ಈಗ ರಾಯಚೂರು ಜಿಲ್ಲೆಯ ದೇವದುರ್ಗದ ಒಂದು ಹಳ್ಳಿ ಶಾಲೆಗೆ ಬನ್ನಿ. ಸಂಜೆ ಆರು ದಾಟಿದೆ. ಸಾಲಿನಲ್ಲಿದ್ದ ಕೊನೆಯ ಮತದಾರ ಹೊರಗೆ ಹೋದ ಮೇಲೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ (ಪಿಆರ್‌ಒ) ಕಂಟ್ರೋಲ್ ಯೂನಿಟ್‌ನ ಕ್ಲೋಸ್ ಬಟನ್ ಒತ್ತುತ್ತಾರೆ. ಚಲಾವಣೆಯಾದ ಒಟ್ಟು ಮತ ಪರದೆಯ ಮೇಲೆ ಮೂಡುತ್ತದೆ. ಅದನ್ನು ನಮೂನೆ 17ಸಿಯಲ್ಲಿ ಬರೆದು, ಯಂತ್ರಕ್ಕೆ ಅರಗಿನ ಮುದ್ರೆ ಹಾಕಿ, ಅಲ್ಲಿರುವ ಏಜೆಂಟರಿಗೆ ದೃಢೀಕರಿಸಿದ ನಕಲು ಕೊಟ್ಟು ರಸೀದಿ ಬರೆಸಿಕೊಳ್ಳುತ್ತಾರೆ. ಏಜೆಂಟ್ ಆ ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಇಳಿಸುತ್ತಾನೆ. ಬೇಸಿಗೆಯ ಬಿಸಿಲಲ್ಲಿ ಬೆಳಗಿನಿಂದ ಕೂತು ಸುಸ್ತಾಗಿದ್ದಾನೆ, ಮನೆ ಸೇರಿದರೆ ಸಾಕು. ಏಜೆಂಟರನ್ನು ಇಡಲು ತಾಕತ್ತಿಲ್ಲದ ಪಕ್ಷೇತರನಿಗೆ ಆ ಹಾಳೆಯೂ ಇಲ್ಲ. ಮತ ಹಾಕಿದ ಊರಿನವರಿಗಂತೂ ಅದನ್ನು ಕೊಡುವುದೇ ಇಲ್ಲ.

ಇದೇ 17ಸಿಯನ್ನು ಜಾಲತಾಣದಲ್ಲಿ ಹಾಕಿ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮುಂದೆ ಅರ್ಜಿ ಬಂತು. ಏಪ್ರಿಲ್ 19ರ ಮೊದಲ ಹಂತದ ಅಂತಿಮ ಮತಪ್ರಮಾಣ ಹನ್ನೊಂದು ದಿನ ತಡವಾಗಿ ಹೊರಬಂದದ್ದೇ ಅದಕ್ಕೆ ಕಾರಣ. ಏಜೆಂಟರ ಹೊರತು ಬೇರೆಯವರಿಗೆ ಕೊಡಬೇಕೆಂದು ಕಾನೂನಿಲ್ಲ, ಚಿತ್ರಗಳನ್ನು ತಿರುಚಿ ಅಪನಂಬಿಕೆ ಹುಟ್ಟಿಸಬಹುದು ಎಂದು ಆಯೋಗ ಉತ್ತರ ಕೊಟ್ಟಿತು. ಚುನಾವಣೆ ನಡೆಯುತ್ತಿರುವಾಗ ಮಧ್ಯಪ್ರವೇಶಿಸುವುದಿಲ್ಲ ಎಂದು ಕೋರ್ಟ್ ಹೇಳಿತು. ಕೋರ್ಟಿನ ಸಂಕೋಚ ಅರ್ಥವಾಗುತ್ತದೆ. ಆಯೋಗದ ವಾದ ಒಪ್ಪುವಂಥದ್ದಲ್ಲ. ಮೂಲ ಹಾಳೆಯೇ ಆಯೋಗದ ತಾಣದಲ್ಲಿದ್ದರೆ ತಿರುಚಿದ ಚಿತ್ರ ಎಷ್ಟು ಹೊತ್ತು ಬಾಳೀತು? ಮುಚ್ಚಿಟ್ಟಾಗಲೇ ಸುಳ್ಳಿಗೆ ಬೆಲೆ. ಮತಗಟ್ಟೆಗಳ ಸಂಖ್ಯೆ ಹತ್ತು ಲಕ್ಷ ದಾಟುತ್ತದೆ ಎಂಬ ನೆಪವೂ ನಿಲ್ಲುವುದಿಲ್ಲ. ಮಾನ್ವಿಯ ಸಹಾಯಕ ಚುನಾವಣಾಧಿಕಾರಿ ನೋಡಬೇಕಾದದ್ದು ಕೆಲವು ನೂರು ಮತಗಟ್ಟೆಗಳನ್ನಷ್ಟೆ. ಮತಯಂತ್ರಗಳನ್ನು ಮರಳಿ ಪಡೆಯುವ ಡಿ-ಮಸ್ಟರಿಂಗ್ ಮೇಜಿನ ಮೇಲೆ ಆ ಹಾಳೆಗಳು ಅದೇ ರಾತ್ರಿ ಬಂದು ಬೀಳುತ್ತವೆ. ಒಂದೊಂದನ್ನು ಸ್ಕ್ಯಾನ್ ಮಾಡಲು ನಿಮಿಷ ಸಾಕು.

ಎಣಿಕೆಯಾದ ಮೇಲೆ ಮತಗಟ್ಟೆವಾರು ಫಲಿತಾಂಶದ ನಮೂನೆ 20 ಪ್ರಕಟವಾಗುತ್ತದೆ, ನಿಜ. ಅದು ಎಣಿಸಿದ ಮತದ ಲೆಕ್ಕ. ಹಾಕಿದ ಮತದ ಲೆಕ್ಕ 17ಸಿಯಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ತಾಳೆ ಸಾಧ್ಯ. ರಾಯಚೂರಿನಲ್ಲಿ ಅಕ್ರಮ ನಡೆಯಿತು ಎಂದು ನಾವು ಆರೋಪಿಸುತ್ತಿಲ್ಲ. ನಡೆದಿಲ್ಲ ಎಂದು ಮತದಾರ ತಾನೇ ಖಾತ್ರಿ ಮಾಡಿಕೊಳ್ಳಲು ದಾರಿ ಬಿಟ್ಟಿಲ್ಲ ಎಂಬುದೇ ನಮ್ಮ ಆರೋಪ.

ಇದ್ದ ದಾರಿಯನ್ನೂ ಮುಚ್ಚಲಾಗಿದೆ. 2024ರ ಡಿಸೆಂಬರ್ 20ರಂದು ಕೇಂದ್ರ ಸರ್ಕಾರ ಆಯೋಗದ ಶಿಫಾರಸಿನ ಮೇಲೆ 1961ರ ಚುನಾವಣಾ ನಿರ್ವಹಣಾ ನಿಯಮಗಳ 93ನೇ ನಿಯಮವನ್ನು ತಿದ್ದಿತು. ಸಿಸಿಟಿವಿ, ವೆಬ್‌ಕಾಸ್ಟಿಂಗ್ ದೃಶ್ಯಗಳು ಸಾರ್ವಜನಿಕರ ಕಣ್ಣಿನಿಂದ ದೂರವಾದವು. 2025ರ ಮೇ 30ರ ಆಯೋಗದ ಸೂಚನೆಯ ಪ್ರಕಾರ, ತಕರಾರು ಅರ್ಜಿ ಇಲ್ಲದಿದ್ದರೆ ಫಲಿತಾಂಶವಾದ 45 ದಿನಕ್ಕೆ ದೃಶ್ಯಗಳನ್ನು ಅಳಿಸಬಹುದು. ತಕರಾರು ಹೂಡಲು ಇರುವ ಗಡುವೂ ಅಷ್ಟೇ ದಿನ. ಸಾಕ್ಷ್ಯ ನೋಡದೆ ತಕರಾರು ಹೂಡುವುದು ಹೇಗೆ? ಇದು ಅನ್ಯಾಯ, ಬೇರೆ ಮಾತಿಲ್ಲ.

ನಮ್ಮದೇ ವೀಕ್ಷಕರಿದ್ದಾರಲ್ಲ ಎನ್ನುವವರಿದ್ದಾರೆ. ಇದ್ದಾರೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ 1996ರಲ್ಲಿ ಸೇರಿದ 20ಬಿ ಕಲಂ ಅವರಿಗೆ ದೊಡ್ಡ ಅಧಿಕಾರ ಕೊಟ್ಟಿದೆ. ಮತಗಟ್ಟೆ ವಶದಂಥ ಅಕ್ರಮ ಕಂಡರೆ ಎಣಿಕೆ ನಿಲ್ಲಿಸಲು ಚುನಾವಣಾಧಿಕಾರಿಗೆ ಹೇಳಬಹುದು. ಬೇರೆ ರಾಜ್ಯದ ಅಧಿಕಾರಿ ರಾಯಚೂರಿಗೆ ಬಂದು ಇಳಿದುಕೊಳ್ಳುತ್ತಾರೆ, ಮೊಬೈಲ್ ಸಂಖ್ಯೆ, ಭೇಟಿಯ ಸಮಯ ಪತ್ರಿಕೆಗಳಲ್ಲಿ ಬರುತ್ತದೆ. ಅವರು ಬರೆದ ವರದಿ ಮಾತ್ರ ನೇರ ಆಯೋಗಕ್ಕೆ ಹೋಗುತ್ತದೆ. ನಮ್ಮ ಊರಿನ ಬಗ್ಗೆ ಬರೆದದ್ದನ್ನು ನಾವು ಓದುವುದಿಲ್ಲ. ಕೀನ್ಯಾದಲ್ಲಿ ವೀಕ್ಷಕರು ತಪ್ಪಿದರು ಎಂದು ಇಂದು ಹೇಳಲು ಸಾಧ್ಯವಾಗಿರುವುದು ಅವರ ಹೇಳಿಕೆಗಳು ಬಹಿರಂಗವಾಗಿದ್ದುದರಿಂದ.

ಅದಕ್ಕಿಂತ ದೊಡ್ಡ ಕೊರತೆ, ನಮ್ಮ ವೀಕ್ಷಕರು ಬರುವ ಹೊತ್ತಿಗೆ ಮತದಾರರ ಪಟ್ಟಿ ಬಹುತೇಕ ಸಿದ್ಧವಾಗಿರುತ್ತದೆ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಹೆಸರು ತೆಗೆಯಲು 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದದ್ದು 24 ಮಾತ್ರ. ಫೆಬ್ರುವರಿಯಲ್ಲಿ ಎಫ್‌ಐಆರ್ ಆಯಿತು, ತನಿಖೆ ಸಿಐಡಿಯಿಂದ ಎಸ್‌ಐಟಿವರೆಗೆ ಹೋಯಿತು. ಸ್ಥಳೀಯರು ಎಚ್ಚರವಾಗಿದ್ದರಿಂದ ಹೆಸರುಗಳು ಉಳಿದವು.

ದೇವದುರ್ಗದ ತಾಂಡಾಗಳ ಕಥೆ ಇನ್ನೂ ಸೂಕ್ಷ್ಮ. ಬೇಸಿಗೆಯಲ್ಲಿ ಕೆಲಸವಿಲ್ಲ. ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಬಂದಾಗ ಕಾಣುವುದು ಬೀಗ. ‘ಸ್ಥಳಾಂತರಗೊಂಡಿದ್ದಾರೆ’ ಎಂಬ ಒಂದು ಷರಾ ಸಾಕು, ಮತ ಹೋಯಿತು. ಬಿಹಾರದಲ್ಲಿ 2025ರ ಮತದಾರರ ಪಟ್ಟಿ ಪರಿಷ್ಕರಣೆಯ ಕರಡಿನಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದಾಗ, ಕಾರಣದ ಸಮೇತ ಆ ಪಟ್ಟಿ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಆದೇಶಿಸಬೇಕಾಯಿತು. ಕೋರ್ಟ್ ಹೇಳುವ ತನಕ ಕಾಯಬೇಕಾಗಿತ್ತೆ?

ಆದ್ದರಿಂದ ನಮ್ಮ ತೀರ್ಮಾನ ಸ್ಪಷ್ಟ. ಕಾಗದ ಮುಚ್ಚಿಟ್ಟು ಅತಿಥಿಗಳನ್ನು ಕರೆಯುವ ಆಯೋಗ ತನ್ನ ಹೊಣೆಯಲ್ಲಿ ತಪ್ಪಿದೆ. 93ನೇ ನಿಯಮದ ತಿದ್ದುಪಡಿ ರದ್ದಾಗಬೇಕು. ಪ್ರತಿ ಮತಗಟ್ಟೆಯ 17ಸಿ ಮತದಾನವಾದ 48 ಗಂಟೆಯೊಳಗೆ ಜಾಲತಾಣಕ್ಕೆ ಬರಬೇಕು. ವೀಕ್ಷಕರ ವರದಿಗಳು ಫಲಿತಾಂಶದ ನಂತರ ಬಹಿರಂಗವಾಗಬೇಕು. ಪಟ್ಟಿಯಿಂದ ತೆಗೆದ ಹೆಸರುಗಳು ಕಾರಣದೊಂದಿಗೆ ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಇರಬೇಕು, ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬಂದಾಗ ಓದುವಂತೆ.

ಅಲ್ಲಿಯತನಕ ರಾಯಚೂರು, ದೇವದುರ್ಗ, ಮಾನ್ವಿಯ ಓದುಗರಲ್ಲಿ ಒಂದು ವಿನಂತಿ. ಮುಂದಿನ ಚುನಾವಣೆಯ ಸಂಜೆ ನಿಮ್ಮ ಮತಗಟ್ಟೆಯ ಯಾವುದಾದರೂ ಪಕ್ಷದ ಏಜೆಂಟರಿಂದ 17ಸಿ ನಕಲು ಕೇಳಿ, ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ನಮೂನೆ 20 ಬಂದ ದಿನ ಎರಡನ್ನೂ ತಾಳೆ ನೋಡಿ. ವ್ಯತ್ಯಾಸ ಕಂಡರೆ ಫಲಿತಾಂಶವಾದ 45 ದಿನದೊಳಗೆ ಚುನಾವಣಾಧಿಕಾರಿಯನ್ನು ಲಿಖಿತವಾಗಿ ಕೇಳಿ.