ಕಾಡಿನ ಅಂಚಿನಲ್ಲಿ ಮನೆಮಂದಿಗೊಂದು ರಾತ್ರಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರಿಗೆ,

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಸಾಧಾರಣ ಕುಟುಂಬಗಳ ಪರವಾಗಿ ತಮ್ಮ ಮುಂದೆ ಒಂದು ಬೇಡಿಕೆ ಇಡುತ್ತಿದ್ದೇನೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಹೊರ ಅಂಚಿನಲ್ಲಿ ಮನೆಮಂದಿಯೆಲ್ಲ ಟೆಂಟ್ ಹಾಕಿಕೊಂಡು ಒಂದು ರಾತ್ರಿ ತಂಗಬಹುದಾದ ಸರಳ ಶಿಬಿರತಾಣ ಬೇಕು, ಅದನ್ನು ಅರಣ್ಯ ಇಲಾಖೆಯೇ ನಡೆಸಬೇಕು. ಕಾಡು ಉಳಿಯಬೇಕಾದರೆ ಅದರ ಪರವಾಗಿ ನಿಲ್ಲುವ ಜನ ಬೇಕು. ಒಡನಾಟವಿಲ್ಲದ ಕಾಡಿಗಾಗಿ ಯಾರೂ ಎದ್ದು ನಿಲ್ಲುವುದಿಲ್ಲ ಎಂಬುದೇ ನನ್ನ ವಾದ.

1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟ ಸುಮಾರು 260 ಚದರ ಕಿಲೋಮೀಟರ್ ಹರಡಿದ ಕಾಡು. ಕಾವೇರಿ ವನ್ಯಜೀವಿಧಾಮಕ್ಕೂ ತಮಿಳುನಾಡಿನ ಕಾಡುಗಳಿಗೂ ಆನೆಗಳು ಓಡಾಡುವ ಹಾದಿ ಇಲ್ಲೇ ಹಾಯುತ್ತದೆ. ನಗರದ ಬಹುಪಾಲು ಜನರಿಗೆ ಮಾತ್ರ ಬನ್ನೇರುಘಟ್ಟವೆಂದರೆ ಮೃಗಾಲಯ, ಸಫಾರಿ ಬಸ್ಸು, ಚಿಟ್ಟೆ ಉದ್ಯಾನ. ಈ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇದ್ದದ್ದು 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಪರಿಸರ ಹೋರಾಟಗಾರರು ದನಿಯೆತ್ತಿದರು. ಉಳಿದ ನಗರಕ್ಕೆ ಅದು ತನ್ನ ನಷ್ಟವೆಂದು ಅನಿಸಲಿಲ್ಲ. ಇದರ ಪಕ್ಕದಲ್ಲಿ ತುರಹಳ್ಳಿಯನ್ನು ಇಟ್ಟು ನೋಡಿ. ಅದು ಬನ್ನೇರುಘಟ್ಟದ ಮುಂದೆ ತೀರಾ ಚಿಕ್ಕ ಕಾಡು. 2021ರ ಫೆಬ್ರವರಿಯಲ್ಲಿ ಅಲ್ಲಿ ವೃಕ್ಷೋದ್ಯಾನದ ಪ್ರಸ್ತಾವ ಬಂದಾಗ ಅಲ್ಲಿ ವಾಕಿಂಗ್ ಹೋಗುತ್ತಿದ್ದವರು, ಸೈಕಲ್ ತುಳಿಯುತ್ತಿದ್ದವರು, ಹಕ್ಕಿ ನೋಡುತ್ತಿದ್ದವರು ಒಟ್ಟಾಗಿ ವಿರೋಧಿಸಿದರು. ಕಾನೂನಿನ ಪುಸ್ತಕ ಓದಿ ಬಂದ ಕಾಳಜಿಯಲ್ಲ ಅದು, ಒಡನಾಟದಿಂದ ಹುಟ್ಟಿದ್ದು.

ಆ ಒಡನಾಟಕ್ಕೆ ಇಂದು ಇರುವ ದಾರಿಗಳು ಕಡಿಮೆ. 1980ರಲ್ಲಿ ಆರಂಭವಾದ ಜಂಗಲ್ ಲಾಡ್ಜಸ್ ಸಂಸ್ಥೆ ಬನ್ನೇರುಘಟ್ಟದಲ್ಲೂ ವಸತಿ ಒದಗಿಸುತ್ತದೆ. ಆದರೆ ಊಟ, ಸಫಾರಿ ಸೇರಿಸಿ ತಲೆಗಿಷ್ಟು ಎನ್ನುವ ದರ ಅಜ್ಜಿ, ಮಕ್ಕಳು ಸೇರಿದ ಐದಾರು ಜನರ ಮನೆಗೆ ಹೊರೆ. ಇಲಾಖೆಯ ಚಿಣ್ಣರ ವನದರ್ಶನ ಒಳ್ಳೆಯ ಯೋಜನೆ, ಆದರೆ ಅದು ಶಾಲಾಮಕ್ಕಳಿಗೆ ಮೀಸಲು. ಉಳಿದವರು ಕ್ಯಾಂಪಿಂಗ್ ಹೆಸರಿನ ಖಾಸಗಿ ಜಾಗಗಳಿಗೆ ಹೋಗುತ್ತಾರೆ. ಅಂಥ ಎಷ್ಟೋ ಕಡೆ ಕ್ಯಾಂಪ್‌ಫೈರ್ ಮತ್ತು ಜೋರು ಸಂಗೀತವೇ ಕಾಡಿನ ಅನುಭವವೆಂದು ಮಕ್ಕಳ ಮನಸ್ಸಿನಲ್ಲಿ ಕೂರುತ್ತದೆ.

ಆನೆಗಳಿರುವಲ್ಲಿ ಮಕ್ಕಳನ್ನು ಮಲಗಿಸುವುದು ಅಪಾಯವಲ್ಲವೇ ಎಂದು ಕೇಳುವವರ ಆತಂಕ ನಿಜವಾದದ್ದೇ. ಅದಕ್ಕಾಗಿಯೇ ಉದ್ಯಾನದ ಒಳಗೆ ಒಂದು ಗೂಟವನ್ನೂ ನೆಡಬೇಡಿ ಎನ್ನುತ್ತೇನೆ. ಆನೆದಾರಿಯಿಂದ ದೂರವಿರುವ, ಬೇಲಿಯಿರುವ ಹಳೆಯ ಸಸ್ಯಕ್ಷೇತ್ರದಂಥ ಜಾಗ ಸಾಕು. ಜನ ಮುಗಿಬಿದ್ದರೆ? 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಆದ ನೂಕುನುಗ್ಗಲಿನ ನಂತರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದ್ದು ತಮ್ಮ ಇಲಾಖೆಯೇ. ಇಲ್ಲೂ ರಾತ್ರಿಗೆ ಇಷ್ಟೇ ಕುಟುಂಬಗಳೆಂದು ಮಿತಿ ಹಾಕಬಹುದು. ಸಿಬ್ಬಂದಿಯ ಕೊರತೆ ಇನ್ನೂ ಗಟ್ಟಿಯಾದ ಆಕ್ಷೇಪ. ಫೆಬ್ರವರಿಯಿಂದ ಮೇ ತನಕ ಕಾಳ್ಗಿಚ್ಚಿನ ಕಾವಲಿಗೇ ಅರಣ್ಯ ರಕ್ಷಕರು ಸಾಲುವುದಿಲ್ಲ. ಹಾಗಾಗಿ ಬೇಸಿಗೆ ರಜೆಯ ಆಸೆಯನ್ನು ನಾವು ಬಿಡಬೇಕು. ದಸರಾ ರಜೆಯಿಂದ ಜನವರಿ ಕೊನೆಯವರೆಗೆ ತೆರೆದಿದ್ದರೆ ಸಾಕು. ರೆಸಾರ್ಟ್‌ಗಳಿಗೆ ಇದು ಹಿಂಬಾಗಿಲಾದೀತು ಎಂಬ ಅನುಮಾನಕ್ಕೂ ಕಾರಣವಿದೆ. ಶಾಶ್ವತ ಕಟ್ಟಡ ಕೂಡದು, ಖಾಸಗಿ ಗುತ್ತಿಗೆ ಕೂಡದು ಎಂದು ಆದೇಶದಲ್ಲೇ ಬರೆದರೆ ಆ ಬಾಗಿಲು ಮುಚ್ಚುತ್ತದೆ.

ನಿಯಮಗಳು ಕಟ್ಟುನಿಟ್ಟಾಗಿರಲಿ. ಬೆಂಕಿ ಬೇಡ, ಧ್ವನಿವರ್ಧಕ ಬೇಡ, ಮದ್ಯ ಬೇಡ. ಬುತ್ತಿ ಮನೆಯಿಂದಲೇ ಬರಲಿ, ತಂದವರೇ ಕಸವನ್ನು ಹೊತ್ತೊಯ್ಯಲಿ. ಕುಡಿಯುವ ನೀರು, ಶೌಚಾಲಯ, ಸಂಜೆ ಕಾಡಿನ ಪಾಠ ಹೇಳುವ ಒಬ್ಬ ಅರಣ್ಯ ರಕ್ಷಕ ಇದ್ದರೆ ಸಾಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972, ಅನುಮತಿ ಪಡೆದ ಪ್ರವಾಸಿಗರಿಗೆ ರಾಷ್ಟ್ರೀಯ ಉದ್ಯಾನದೊಳಗೇ ಅವಕಾಶ ಕೊಡುತ್ತದೆ. ನಾವು ಕೇಳುತ್ತಿರುವುದು ಅದರ ಹೊರಗಿನ ಜಾಗವನ್ನು. ಬರುವ ದಸರಾ ರಜೆಗೆ ಒಂದೇ ಒಂದು ತಾಣವನ್ನು ಪ್ರಾಯೋಗಿಕವಾಗಿ ತೆರೆಯಿರಿ. ಒಂದು ಹಂಗಾಮು ನಡೆಸಿ, ಕಾಡಿಗೆ ತೊಂದರೆಯಾಯಿತೆಂದು ಇಲಾಖೆಗೆ ಕಂಡುಬಂದರೆ ಮುಚ್ಚಿಬಿಡಿ. ಆ ತೀರ್ಮಾನವನ್ನು ನಾವು ಗೌರವಿಸುತ್ತೇವೆ.

ಇಂತಿ,
ವಿಜಯನಗರದ ನಾಗರಿಕ